ವಸತಿ ಮತ್ತು ವಸತಿಗೃಹ

'ಬಸದಿ' ಎಂಬ ಪದವು ಸಂಸ್ಕೃತದ 'ವಸತಿ'ಯ ತದ್ಭವವೆಂಬುದು ನಮ್ಮ ಓದುಗರಿಗೆ ತಿಳಿದ ವಿಷಯವೇ. ವಾಸಿಸುವ ಸ್ಥಳವೆಂಬುದಷ್ಟೇ ಅದರ ಮೂಲಾರ್ಥ. ಅದೇ 'ವಸತಿ'ಗೆ 'ಗೃಹ'ವನ್ನು ಸೇರಿಸಿ ಇಂದು ಲಾಡ್ಜು, ಹೋಟೆಲುಗಳ ಹಲಗೆಯ ಮೇಲೆ ಬರೆಯುತ್ತೇವೆ. ಒಂದೇ ಮೂಲದಿಂದ ಹೊರಟ ಈ ಎರಡು ಪದಗಳ ನಡುವೆ ಎಷ್ಟು ಅಂತರವಿದೆಯೆಂಬುದು ಇದುವರೆಗೆ ಶಬ್ದಾಸಕ್ತರ ಕುತೂಹಲವಷ್ಟೇ ಆಗಿತ್ತು. ಈಗ ಅದು ಟ್ರಸ್ಟುಗಳ ಸಭೆಯ ಮುಂದೆ ಬರುವ ವಿಷಯವಾಗಿದೆ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಶ್ರಾವಕರ ಮನೆಗಳು ಕಡಿಮೆಯಾಗುತ್ತ ಬಂದಿವೆ. ಮಕ್ಕಳ ವಿದ್ಯೆಗೆಂದು, ವ್ಯಾಪಾರಕ್ಕೆಂದು ಸೊಲ್ಲಾಪುರ, ಕಲಬುರಗಿ, ಪುಣೆ ಸೇರಿದವರು ಹಬ್ಬಕ್ಕೂ ಹಿಂದಿರುಗುವುದು ಅಪರೂಪ. ಅವರ ಹಿರಿಯರು ಕಟ್ಟಿಸಿದ ಕಲ್ಲಿನ ಧರ್ಮಶಾಲೆಗಳು ಬೀಗ ಹಾಕಿಕೊಂಡು ನಿಂತಿವೆ. ಅಂಥ ಒಂದು ಧರ್ಮಶಾಲೆಯನ್ನು ಮೂವತ್ತು ವರ್ಷಗಳ ಗೇಣಿಗೆ ಪಡೆದು, ದುರಸ್ತಿ ಮಾಡಿ, 'ಪಾರಂಪರಿಕ ವಾಸ'ವೆಂಬ ಹೆಸರಿನಲ್ಲಿ ಶ್ರೀಮಂತ ಪ್ರವಾಸಿಗರಿಗೆ ತೆರೆಯುವುದಾಗಿ ಒಬ್ಬ ಹೂಡಿಕೆದಾರರು ನಮ್ಮ ಭಾಗದ ಒಂದು ಟ್ರಸ್ಟಿಗೆ ಬರೆದುಕೊಂಡಿದ್ದಾರೆ. ವಿದೇಶಗಳಲ್ಲಿ ಹಳೆಯ ಮಠಗಳೆಲ್ಲ ಹೀಗೆಯೇ ಉಳಿದಿವೆಯೆಂಬುದು ಅವರ ವಾದ. ಪತ್ರದೊಡನೆ ಬಣ್ಣದ ಚಿತ್ರಗಳನ್ನೂ ಲಗತ್ತಿಸಿದ್ದರು. ಅಭಿಪ್ರಾಯ ತಿಳಿಸುವಂತೆ ಟ್ರಸ್ಟಿನವರು ನನ್ನನ್ನು ಕೇಳಿದ್ದರಿಂದ ಈ ವಿಷಯವನ್ನು ತುಸು ಆಳವಾಗಿ ನೋಡಬೇಕಾಯಿತು.

ವಾದದಲ್ಲಿ ಹುರುಳಿಲ್ಲದಿಲ್ಲ. ಇಟಲಿಯ ಸಿಸಿಲಿ ದ್ವೀಪದ ತಾವೊರ್ಮಿನಾದಲ್ಲಿ 1374ರಲ್ಲಿ ಸ್ಥಾಪನೆಯಾದ ಸಾನ್ ದೊಮೆನಿಕೊ ಮಠವು 1896ರಿಂದ ಹೋಟೆಲಾಗಿದೆ. 2021ರಿಂದ ಫೋರ್ ಸೀಸನ್ಸ್ ಸಂಸ್ಥೆಯವರು ಅದನ್ನು ನಡೆಸುತ್ತಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಒಂದು ರಾತ್ರಿಯ ಬಾಡಿಗೆ ಸಾವಿರ ಯೂರೋಗಳನ್ನು ಮೀರುತ್ತದೆ. ಪೆರು ದೇಶದ ಕುಸ್ಕೊ ನಗರದಲ್ಲಿ ಸಾನ್ ಆಂತೊನಿಯೊ ಅಬಾದ್ ಎಂಬ ಪಾದ್ರಿಗಳ ವಿದ್ಯಾಮಠವು 1995ರಲ್ಲಿ ಹೋಟೆಲಾಯಿತು. ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದ ಆ ಊರಿನಲ್ಲಿ ಉಸಿರಾಟ ಕಷ್ಟವಾದವರಿಗೆ, ಹೆಚ್ಚಿನ ಶುಲ್ಕ ಕೊಟ್ಟರೆ, ಕೊಠಡಿಯೊಳಕ್ಕೆ ಪ್ರಾಣವಾಯುವನ್ನೇ ಹಾಯಿಸುವ ಏರ್ಪಾಡು ಅಲ್ಲಿದೆ. ಪೋರ್ಚುಗಲ್ ಸರಕಾರವಂತೂ 2016ರಲ್ಲಿ 'ರಿವೈವ್' ಎಂಬ ಯೋಜನೆಯನ್ನೇ ಹಾಕಿಕೊಂಡು ಪಾಳುಬಿದ್ದ ಮಠಗಳನ್ನೂ ಕೋಟೆಗಳನ್ನೂ ದೀರ್ಘಾವಧಿಯ ಕರಾರಿನ ಮೇಲೆ ಖಾಸಗಿಯವರಿಗೆ ಒಪ್ಪಿಸುತ್ತಿದೆ. ಎಲ್ವಾಸ್ ಪಟ್ಟಣದ ಸಂತ ಪಾಲ್ ಮಠವು ಆ ಯೋಜನೆಯಂತೆ 2019ರಲ್ಲಿ ಹೋಟೆಲಾಗಿ ತೆರೆಯಿತು. ಇವುಗಳ ಮೇಲ್ಛಾವಣಿಗಳು ಬೀಳದೆ ನಿಂತಿರುವುದು ಹೋಟೆಲಿನ ಹಣದಿಂದಲೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಸೋರುವ ಮಾಳಿಗೆಯ ದುರಸ್ತಿಗೆ ಎಷ್ಟು ಖರ್ಚು ಬರುತ್ತದೆಂದು ಟ್ರಸ್ಟುಗಳ ಲೆಕ್ಕಪತ್ರ ನೋಡಿದವರಿಗೆ ಗೊತ್ತು.

ನಮ್ಮ ಸಮಾಜದಲ್ಲಿ ಇಂಥ ಪ್ರಸ್ತಾಪ ಬಂದ ಕೂಡಲೇ ಏಳುವ ಆಕ್ಷೇಪವೆಂದರೆ ಭೋಗದ್ದು. ತ್ಯಾಗಿಗಳಿದ್ದ ಸ್ಥಳದಲ್ಲಿ ಮೆತ್ತನೆಯ ಹಾಸಿಗೆ, ಸ್ನಾನದ ಕೊಳ, ಬಗೆಬಗೆಯ ಊಟಗಳೇ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಅವರು ಹಿಡಿಯುವುದು ಐದನೆಯ ವ್ರತವಾದ ಅಪರಿಗ್ರಹವನ್ನು. ಈ ಆಕ್ಷೇಪ ಬಹಳ ದೂರ ನಡೆಯಲಾರದೆಂದು ನನಗೆ ತೋರುತ್ತದೆ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವುದು ಅವರವರ ವ್ರತಕ್ಕೆ ಬಿಟ್ಟದ್ದು. ಹಣವುಳ್ಳ ಗೃಹಸ್ಥನೊಬ್ಬನು ಬೆಂಗಳೂರಿನ ಹೋಟೆಲಿನಲ್ಲಿ ಮಲಗಿದರೆ ಸುಮ್ಮನಿರುವ ನಾವು ಮಠದಲ್ಲಿ ಮಲಗಿದರೆ ಮಾತ್ರ ಕೂಗೆಬ್ಬಿಸಿದರೆ ಅದು ಧರ್ಮಚಿಂತನೆ ಎನಿಸದೆ ಮುನಿಸು ಎನಿಸುತ್ತದೆ. ಹೂಡಿಕೆದಾರರು ಇದನ್ನು ಮೊದಲೇ ಊಹಿಸಿ 'ಶುದ್ಧ ಶಾಕಾಹಾರ, ಮದ್ಯವಿಲ್ಲ' ಎಂದು ಪತ್ರದಲ್ಲಿ ದಪ್ಪಕ್ಷರಗಳಲ್ಲಿ ಬರೆದಿದ್ದರು. ಅಷ್ಟಕ್ಕೇ ಇಬ್ಬರು ಟ್ರಸ್ಟಿಗಳು ಸಮಾಧಾನಗೊಂಡರೆಂದು ಕೇಳಿದೆ.

ಪ್ರಶ್ನೆಯು ಮೂರನೆಯ ವ್ರತಕ್ಕೆ, ಅಂದರೆ ಅಚೌರ್ಯಕ್ಕೆ ಸೇರಿದ್ದೆಂದು ನನ್ನ ಅಭಿಪ್ರಾಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತವನ್ನು ಗಟ್ಟಿಗೊಳಿಸುವ ಭಾವನೆಗಳನ್ನು ಹೇಳುವಾಗ ಮುನಿಗಳ ವಾಸಸ್ಥಾನದ ಮಾತನ್ನೇ ಮುಂದಿಟ್ಟಿರುವುದು ಸೋಜಿಗದ ಸಂಗತಿ. ಕಳ್ಳತನ ಮಾಡದಿರುವ ವ್ರತಕ್ಕೂ ಎಲ್ಲಿ ತಂಗಬೇಕೆಂಬುದಕ್ಕೂ ಏನು ಸಂಬಂಧವೆಂದು ಮೊದಲ ಸಲ ಓದುವವರಿಗೆ ಅನ್ನಿಸದೆ ಇರದು. ಶೂನ್ಯಾಗಾರವೆಂದರೆ ಗುಹೆಯಂಥ ನಿರ್ಜನ ತಾಣ. ವಿಮೋಚಿತಾವಾಸವೆಂದರೆ ಇತರರು ಬಿಟ್ಟುಹೋದ ಮನೆ. ಇವುಗಳ ಬೆನ್ನಿಗೇ ಪರೋಪರೋಧಾಕರಣ ಬರುತ್ತದೆ, ಎಂದರೆ ತಾನು ಇಳಿದುಕೊಂಡಲ್ಲಿಗೆ ಬೇರೆಯವರು ಬರುವುದನ್ನು ತಡೆಯದಿರುವುದು. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದೇ ಕಳವಾದರೆ, ಸ್ಥಳವೂ ಹಾಗೆ ಕಳವಾಗಬಲ್ಲ ವಸ್ತು. ಖಾಲಿ ಮನೆಯಲ್ಲಿ ತಂಗಿದ ಮಾತ್ರಕ್ಕೆ ಅದು ತನ್ನದಾಯಿತೆಂದು ಬಾಗಿಲು ಹಾಕಿಕೊಂಡವನು ಮೂರನೆಯ ವ್ರತಕ್ಕೆ ಎರವಾಗುತ್ತಾನೆ. ಮಹಾವ್ರತಿಗಳಿಗೆ ಹೇಳಿದ್ದು ಗೃಹಸ್ಥರಿಗೆ ಹಾಗೆಯೇ ಅನ್ವಯಿಸದು, ನಿಜ. ಆದರೆ ಮಹಾವ್ರತಿಗಳ ಸ್ಥಳವನ್ನು ಗೃಹಸ್ಥರು ವ್ಯಾಪಾರಕ್ಕೆ ತೊಡಗಿಸುವಾಗ ಆ ಸ್ಥಳದ ನಿಯಮವನ್ನು ಕೇಳದೆ ಇರಲಾಗದು.

ಈ ಅಳತೆಗೋಲಿನಿಂದ ನೋಡಿದರೆ ಅರಮನೆಗೂ ಮಠಕ್ಕೂ ಇರುವ ಭೇದವು ತಾನಾಗಿ ತಿಳಿಯುತ್ತದೆ. ಮೈಸೂರಿನ ಲಲಿತಮಹಲ್ 1921ರಲ್ಲಿ ವೈಸರಾಯರ ಬಿಡದಿಗೆಂದು ಕಟ್ಟಿದ್ದು, 1974ರಲ್ಲಿ ಹೋಟೆಲಾಯಿತು. ಅಲ್ಲಿ ಅತಿಥಿ ಬದಲಾದನೇ ಹೊರತು ಉದ್ದೇಶ ಬದಲಾಗಲಿಲ್ಲ. ಅಂದು ಹೊರಗೆ ನಿಂತವರೇ ಇಂದೂ ಹೊರಗೆ ನಿಂತಿದ್ದಾರೆ. ಮಠದ ಸಂಗತಿ ಹಾಗಲ್ಲ. ಅಲ್ಲಿ ನೀರು ಕೇಳಿ ಬಂದವನಿಗೂ ಒಂದು ಹಕ್ಕಿತ್ತು.

ಇನ್ನು ಆ ಮಠಗಳು ಬಿಟ್ಟುಹೋದ ಮನೆಗಳೇ ಎಂಬುದನ್ನೂ ವಿಚಾರಿಸಬೇಕು. ಮಾಲು ಕೊಳ್ಳುವಾಗ ಅದರ ಮೂಲ ಕೇಳುವುದು ವ್ಯಾಪಾರಿಯ ಧರ್ಮ. ಕದ್ದು ತಂದ ಮಾಲನ್ನು ಅಗ್ಗಕ್ಕೆ ಕೊಳ್ಳುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದಾಗಿ, ತದಾಹೃತಾದಾನವೆಂಬ ಹೆಸರಿನಿಂದ, ನಮ್ಮ ಶಾಸ್ತ್ರವು ಎಣಿಸಿದೆ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯು 1536ರಿಂದ ಐದಾರು ವರ್ಷಗಳಲ್ಲಿ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಆಸ್ತಿಯನ್ನು ತನ್ನದಾಗಿಸಿಕೊಂಡನು. ಪೋರ್ಚುಗಲ್‌ನಲ್ಲಿ 1834ರಲ್ಲಿ ಅದೇ ಆಯಿತು. ಸ್ಪೇನಿನಲ್ಲಿ 1836ರ ಸುಮಾರಿಗೆ. ಒಂದುಗೂಡಿದ ಇಟಲಿಯಲ್ಲಿ 1866ರಲ್ಲಿ. ತಾವೊರ್ಮಿನಾದ ಸಂನ್ಯಾಸಿಗಳು ಹೋಟೆಲಿಗಾಗಿ ಮನೆ ಖಾಲಿ ಮಾಡಲಿಲ್ಲ. ರಾಜ್ಯಶಾಸನ ಅವರನ್ನು ಹೊರಡಿಸಿತು. ಕುಸ್ಕೊದ ವಿದ್ಯಾಮಠವೋ ಇಂಕಾ ಅರಸರ ಅರಮನೆಯಿದ್ದ ನೆಲದ ಮೇಲೆಯೇ ಎದ್ದದ್ದು. ಒಬ್ಬರಿಂದ ಕಿತ್ತುಕೊಂಡವರಿಂದ ಮತ್ತೊಬ್ಬರು ಪಡೆದ ಆಸ್ತಿ ಅದು. ಆ ಮಠಗಳಲ್ಲಿ ಕೆಲವು ಹೊಲಗದ್ದೆಗಳ ಒಡೆತನದಿಂದ ಸೊಕ್ಕಿದ್ದವೆಂಬುದೂ ಚರಿತ್ರೆಯೇ. ಆದರೆ ಸೊಕ್ಕಿದವನ ಮನೆ ದೋಚಿದರೂ ಅದು ದೋಚಿದ್ದೇ.

ನಮ್ಮ ಭಾಗದ ಕಥೆ ಬೇರೆ. ಡಾ. ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನೂ ಈ ಕಡೆಯ ಜೈನ ಶಾಸನಗಳನ್ನೂ ಕುರಿತು ಬರೆದ ಇಂಗ್ಲಿಷ್ ಗ್ರಂಥವು 1957ರಲ್ಲಿ ಸೊಲ್ಲಾಪುರದಿಂದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಹೊರಬಂದಿತು. ಅದನ್ನು ತೆರೆದವರಿಗೆ ಕಲಬುರಗಿ ಸೀಮೆಯಲ್ಲಿ ಎಂಥೆಂಥ ಬಸದಿಗಳಿದ್ದುವೆಂದು ತಿಳಿದು ನಿಟ್ಟುಸಿರು ಬರುತ್ತದೆ. ಸೇಡಂ ತಾಲೂಕಿನ ಮಳಖೇಡವು ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿತ್ತು. ಕೊನೆಗಾಲದಲ್ಲಿ ಆತನು ರಾಜ್ಯವನ್ನೇ ತ್ಯಜಿಸಿದನೆಂದು ನಮ್ಮ ಪರಂಪರೆ ಹೇಳುತ್ತದೆ. ಇಂದು ಕೋಟೆಯ ಗೋಡೆಗಳು ಹಾಳುಬಿದ್ದಿವೆ. ನೇಮಿನಾಥ ಬಸದಿಯಲ್ಲಿ ಪೂಜೆ ನಡೆಯುತ್ತಿದೆ. ಉಳಿದ ಕಡೆಗಳಲ್ಲಿ ಹಾಳಾದುದಕ್ಕೆ ಕಾಲವೂ ರಾಜಕೀಯವೂ ಕಾರಣವಿರಬಹುದು, ಆದರೆ ಕಳೆದ ಎರಡು ತಲೆಮಾರುಗಳಲ್ಲಿ ಬೀಗ ಬಿದ್ದ ಧರ್ಮಶಾಲೆಗಳಿಗೆ ಬೀಗ ಹಾಕಿದವರು ನಾವೇ. ನಮ್ಮನ್ನು ಯಾವ ಹೆನ್ರಿಯೂ ಓಡಿಸಲಿಲ್ಲ. ಇವು ನಿಜವಾಗಿಯೂ ವಿಮೋಚಿತಾವಾಸಗಳು. ಆದ್ದರಿಂದ ಯಾರಾದರೂ ಬಂದು ಇವುಗಳಲ್ಲಿ ದೀಪ ಹಚ್ಚುವೆನೆಂದರೆ ಕೇಳುವ ಮೊದಲೇ ಬೇಡವೆನ್ನುವ ಅಧಿಕಾರ ನಮಗಿಲ್ಲ.

ಹಾಗಾದರೆ ಆತಂಕವೆಲ್ಲಿದೆ? ಈ ಹೋಟೆಲುಗಳು ಮಾರುವ ಸರಕಿನಲ್ಲಿದೆ. ನಲವತ್ತು ವರ್ಷ ಅಡತಿ ಅಂಗಡಿಯಲ್ಲಿ ಕುಳಿತು ತೊಗರಿ ತೂಗಿದವನಿಗೆ ಒಂದು ಅಭ್ಯಾಸ ಅಂಟಿರುತ್ತದೆ: ಚೀಲದ ಮೇಲಿನ ಬರಹವನ್ನು ಓದಿ, ಅನಂತರ ಚೀಲದೊಳಗೆ ಕೈಹಾಕಿ ನೋಡುವುದು. ತೊಗರಿಬೇಳೆಗೆ ಕೇಸರಿಬೇಳೆ ಬೆರೆಸಿ ಮಾರುವವರಿದ್ದಾರೆ. ಬಣ್ಣ ಹೆಚ್ಚುಕಡಿಮೆ ಒಂದೇ, ಗುಣ ಒಂದಲ್ಲ. ಇದನ್ನೇ ಶಾಸ್ತ್ರವು ಪ್ರತಿರೂಪಕ ವ್ಯವಹಾರವೆಂದು ಅಚೌರ್ಯದ ಅತಿಚಾರಗಳಲ್ಲಿ ಸೇರಿಸಿದೆ. ಪತ್ರದೊಡನೆ ಬಂದ ಚಿತ್ರಪುಸ್ತಿಕೆಗಳಲ್ಲಿ ಸಂನ್ಯಾಸಿಗಳ ಮೌನ, ಮಠದ ಶಾಂತಿ, ಆತ್ಮದ ವಿಶ್ರಾಂತಿ ಎಂಬ ಮಾತುಗಳು ಪುಟಪುಟಕ್ಕೂ ಇವೆ. ಕಲ್ಲು ಅಸಲಿ, ಕಂಬಗಳು ಅಸಲಿ. ಆದರೆ ಮಾರಾಟಕ್ಕಿರುವ ಮೌನ ಅಸಲಿಯೇ? ಮಠದ ಮೌನವು ವ್ರತ ಹಿಡಿದವರ ದಿನಚರಿಯಿಂದ ಹುಟ್ಟಿದ್ದು. ದಪ್ಪ ಗೋಡೆಯಿಂದ ಹುಟ್ಟಿದ್ದಲ್ಲ. ದಿನಚರಿಯನ್ನು ತೆಗೆದು ಗೋಡೆಯನ್ನು ಮಾತ್ರ ಬಾಡಿಗೆಗೆ ಕೊಟ್ಟು, ಎರಡನ್ನೂ ಕೊಟ್ಟೆವೆಂದು ಬಿಲ್ಲಿನಲ್ಲಿ ಬರೆದರೆ ಅದು ಬೆರಕೆಯ ವ್ಯಾಪಾರವೇ. ಕಲಬುರಗಿ ತೊಗರಿಯ ಹೆಸರನ್ನು ಬೇರೆಯವರು ಬಳಸದಂತೆ 2019ರಲ್ಲಿ ಜಿಐ ಮಾನ್ಯತೆ ದೊರಕಿತು. ಬಸದಿಯ ಹೆಸರಿಗೆ ಅಂಥ ಕಾವಲಿಲ್ಲ. ಇರುವ ಕಾವಲೆಂದರೆ ಟ್ರಸ್ಟಿಗಳ ವಿವೇಕವೊಂದೇ.

ಕಾಣದೆ ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ಮಗನ ಒತ್ತಾಯದಿಂದ ಪೋರ್ಚುಗಲ್‌ನ ಇಂಥದೊಂದು ಹೋಟೆಲಿನಲ್ಲಿ ಎರಡು ರಾತ್ರಿ ತಂಗಿದ್ದೆ. ಹೆಸರು ಇಲ್ಲಿ ಅನಗತ್ಯ. ಜೂನ್ ತಿಂಗಳು, ಅಲ್ಲಿ ಸೂರ್ಯಾಸ್ತ ರಾತ್ರಿ ಒಂಬತ್ತಕ್ಕೆ. ಆದುದರಿಂದ ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ನನ್ನ ನಿಯಮಕ್ಕೆ ಊರಲ್ಲಿರುವುದಕ್ಕಿಂತ ಹೆಚ್ಚು ಬಿಡುವೇ ದೊರೆಯಿತು. ನೌಕರರು ವಿನಯವಂತರು, ಗಡ್ಡೆಗೆಣಸು ತಿನ್ನದವನೆಂದು ತಿಳಿದು ಬೇರೆ ಅಡಿಗೆ ಮಾಡಿಸಿದರು. ಊಟದ ಸಾಲೆಯ ಗೋಡೆಯಲ್ಲಿ ಆಳೆತ್ತರದ ಮೇಲೆ ಒಂದು ಸಣ್ಣ ಕಟ್ಟೆ ಇದ್ದಿತು. ಸಂನ್ಯಾಸಿಗಳು ಮೌನವಾಗಿ ಉಣ್ಣುತ್ತಿದ್ದಾಗ ಒಬ್ಬನು ಅಲ್ಲಿ ನಿಂತು ಧರ್ಮಗ್ರಂಥ ಓದುತ್ತಿದ್ದನಂತೆ. ಆಹಾರಕಾಲದಲ್ಲಿ ಮೌನ ಹಿಡಿಯುವ ನಮ್ಮ ಮುನಿಗಳನ್ನು ನೆನೆದು ಆ ಕಟ್ಟೆಯ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಈಗ ಅಲ್ಲಿ ಮದ್ಯದ ಬಾಟಲಿಗಳನ್ನು ಅಲಂಕಾರಕ್ಕೆ ಜೋಡಿಸಿದ್ದಾರೆ. ಅದು ನನ್ನನ್ನು ಅಷ್ಟಾಗಿ ನೋಯಿಸಲಿಲ್ಲ.

ನೋಯಿಸಿದ್ದು ಮರುದಿನ ಹೆಬ್ಬಾಗಿಲಲ್ಲಿ ಕಂಡದ್ದು. ಊರಿನ ಒಬ್ಬ ವೃದ್ಧೆ ಮೊಮ್ಮಗನ ಕೈಹಿಡಿದು ಬಂದು ಕಾವಲಿನವನೊಡನೆ ಏನನ್ನೋ ಕೇಳುತ್ತಿದ್ದಳು. ಮಗನಿಗೆ ಅಲ್ಲಿಯ ಭಾಷೆ ಬರುತ್ತದೆ, ವಿಚಾರಿಸಿ ಹೇಳಿದ. ಸಂನ್ಯಾಸಿಗಳು ಹೋದ ಮೇಲೆ ಆ ಕಟ್ಟಡ ಬಹುಕಾಲ ಅನಾಥಾಲಯವಾಗಿತ್ತಂತೆ, ಆಕೆ ಅಲ್ಲಿಯೇ ಬೆಳೆದವಳಂತೆ. ಒಳಗಿನ ಅಂಗಳದ ಬಾವಿಯನ್ನು ಮೊಮ್ಮಗನಿಗೆ ತೋರಿಸಬೇಕೆಂಬುದಷ್ಟೇ ಆಕೆಯ ಆಸೆ. ಅಂಗಳವು ಕೊಠಡಿ ಪಡೆದ ಅತಿಥಿಗಳಿಗೆ ಮಾತ್ರ ಎಂದು ಆತನು ಬಹು ಮರ್ಯಾದೆಯಿಂದಲೇ ಹೇಳಿದ. ಆಕೆ ವಾದಿಸಲಿಲ್ಲ. ಹುಡುಗನನ್ನು ಎತ್ತಿ ಸರಳುಗಳ ಸಂದಿನಿಂದ ತೋರಿಸಲು ಯತ್ನಿಸಿದಳು. ಬಾವಿ ಅಲ್ಲಿಂದ ಕಾಣುವಂತಿರಲಿಲ್ಲ. ಪರೋಪರೋಧವೆಂಬ ಪದಕ್ಕೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ನಾನು ಓದಿದ್ದ ಅರ್ಥವು ಅಂದು ಕಣ್ಣಿಗೆ ಕಟ್ಟಿತು.

ಹಾಗೆಂದು ಎಲ್ಲೆಡೆಯೂ ಹೀಗೆಯೇ ಎನ್ನಲಾಗದು. ಸ್ಪೇನಿನ ಸಾಂತಿಯಾಗೊ ಕ್ಷೇತ್ರದಲ್ಲಿ ಕಾಲ್ನಡಿಗೆಯ ಯಾತ್ರಿಕರ ಶುಶ್ರೂಷೆಗೆಂದು 1499ರಲ್ಲಿ ರಾಜದಂಪತಿಗಳು ಕಟ್ಟಿಸಲು ಆಜ್ಞಾಪಿಸಿದ ಧರ್ಮಶಾಲೆಯಿದೆ. 1954ರಿಂದ ಅದು ಸರಕಾರಿ ಸ್ವಾಮ್ಯದ ಉನ್ನತ ದರ್ಜೆಯ ಹೋಟೆಲು. ಹಾಗಿದ್ದೂ ಯಾತ್ರೆ ಮುಗಿಸಿ ಬಂದ ದಿನದ ಮೊದಲ 10 ಯಾತ್ರಿಕರಿಗೆ ಉಚಿತವಾಗಿ ಉಣ್ಣಿಸುವ ಪದ್ಧತಿಯನ್ನು ಅಲ್ಲಿ ಹೋಟೆಲಾದ ಮೇಲೂ ಉಳಿಸಿಕೊಂಡು ಬಂದಿದ್ದಾರೆ. ಹತ್ತು ಎಂಬುದು ಸಣ್ಣ ಸಂಖ್ಯೆ. ಆದರೆ ಬಾಗಿಲು ಯಾರದೆಂಬುದನ್ನು ಅದು ಮರೆಯಗೊಡುವುದಿಲ್ಲ. ಜಪಾನಿನ ಕೋಯಾ ಪರ್ವತದಲ್ಲಿ ಸುಮಾರು 50 ಬೌದ್ಧ ಮಂದಿರಗಳು ಪ್ರವಾಸಿಗರಿಗೆ ಕೊಠಡಿ ಕೊಡುತ್ತವೆ, ಹಣವನ್ನೂ ಧಾರಾಳವಾಗಿಯೇ ಪಡೆಯುತ್ತವೆ. ಆದರೆ ಅಲ್ಲಿ ಭಿಕ್ಷುಗಳೇ ಯಜಮಾನರು. ಬೆಳಗಿನ ಪ್ರಾರ್ಥನೆ ನಡೆಯುತ್ತದೆ, ಬಂದವನು ಬಯಸಿದರೆ ಕುಳಿತು ಕೇಳಬಹುದು. ಅಷ್ಟು ದೂರವೇಕೆ, ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಕಾರಿನಲ್ಲಿ ಬಂದ ಸಾಹುಕಾರರು ಜೋಳಿಗೆ ಹಿಡಿದು ಐದು ಮನೆಗಳಲ್ಲಿ ಮಧುಕರಿ ಬೇಡುವುದನ್ನು ನೋಡಬಹುದು. ಅದು ನಮ್ಮ ಮತವಲ್ಲ, ನಿಜ. ಆದರೂ ಹಣವಂತನಿಗೆ ಸಂನ್ಯಾಸದ ಒಂದು ಹನಿಯನ್ನು ರುಚಿ ತೋರಿಸುವ ಬಗೆ ಅದು. ಬೇಡುವವನ ಪಕ್ಕದಲ್ಲಿ ನಿಜವಾದ ಭಿಕ್ಷುಕನೂ ನಿಂತಿರುತ್ತಾನೆ, ಅವನನ್ನು ಯಾರೂ ಸರಿಸುವುದಿಲ್ಲ.

ನಮ್ಮ ಸಮಾಜವು 2022ರ ಡಿಸೆಂಬರಿನಲ್ಲಿ ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಸಮ್ಮೇದಶಿಖರಜಿಯ ಪರ್ವತವನ್ನು ಸೇರಿಸಿ 2019ರಲ್ಲಿ ಹೊರಡಿಸಿದ್ದ ಅಧಿಸೂಚನೆಯ ಪ್ರವಾಸೋದ್ಯಮದ ಅಂಶಗಳಿಗೆ ನಾವು ವಿರೋಧ ವ್ಯಕ್ತಪಡಿಸಿದೆವು. 2023ರ ಜನವರಿ 5ರಂದು ಕೇಂದ್ರ ಸರಕಾರವು ಅವುಗಳಿಗೆ ತಡೆ ನೀಡಿತು. ತಪೋಭೂಮಿಯು ಪ್ರವಾಸಿತಾಣವಲ್ಲವೆಂದು ಅಂದು ಹೇಳಿದ ಮಾತು ಸರಿಯಾದದ್ದೇ. ಆದರೆ ಸರಕಾರಕ್ಕೆ ಹೇಳಿದ ಮಾತನ್ನು ನಮ್ಮ ಟ್ರಸ್ಟುಗಳಿಗೂ ಹೇಳಿಕೊಳ್ಳಬೇಕಾಗುತ್ತದೆ. ಕ್ಷೇತ್ರಗಳಲ್ಲಿ ನಾವೇ ಕಟ್ಟುತ್ತಿರುವ ಹವಾನಿಯಂತ್ರಿತ ಕೊಠಡಿಗಳ ಮುಂದೆ, ಚಾಪೆ ಬಿಚ್ಚಲು ಜಾಗ ಕೇಳುವ ಬಡ ಶ್ರಾವಕ ಕುಟುಂಬವು ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದನ್ನು ಕಾರ್ಯಾಲಯದ ಕಿಟಕಿಯಲ್ಲಿ ಕುಳಿತವರೇ ಹೇಳಬೇಕು.

ಕಾನೂನೂ ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ. ನೋಂದಾಯಿತ ಧಾರ್ಮಿಕ ಟ್ರಸ್ಟು ತನ್ನ ಕ್ಷೇತ್ರದ ಆವರಣದಲ್ಲಿ ನೀಡುವ ಕೊಠಡಿಯ ದಿನದ ಬಾಡಿಗೆ 1,000 ರೂಪಾಯಿಗಿಂತ ಕಡಿಮೆಯಿದ್ದರೆ ಜಿಎಸ್‌ಟಿ ಇಲ್ಲ. ಸಾವಿರ ಮುಟ್ಟಿದರೆ ಆ ವಿನಾಯಿತಿ ತಪ್ಪುತ್ತದೆ. ತೆರಿಗೆಯವರ ಗೆರೆ ಧರ್ಮದ ಗೆರೆಯಲ್ಲ. ಆದರೂ ಸೇವೆ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಆರಂಭವಾಗುತ್ತದೆಂಬ ಪ್ರಶ್ನೆ ಅವರಿಗೂ ಬಂದಿತೆಂಬುದು ಗಮನಾರ್ಹ. ಸೊಲ್ಲಾಪುರದ ಕಡೆಯ ಟ್ರಸ್ಟಿಗಳು ಇನ್ನೊಂದನ್ನೂ ನೆನಪಿಡಬೇಕು. ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸಗಳ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಟ್ರಸ್ಟಿನ ಕಟ್ಟಡವನ್ನು ಮೂರು ವರ್ಷಕ್ಕೆ ಮೀರಿ ಗೇಣಿಗೆ ಕೊಡಲು ಚಾರಿಟಿ ಕಮಿಷನರರ ಪೂರ್ವಾನುಮತಿ ಬೇಕು. ಮೂವತ್ತು ವರ್ಷವೆಂದರೆ ಸಹಿ ಹಾಕಿದ ಟ್ರಸ್ಟಿಗಳಲ್ಲಿ ಬಹುಮಂದಿ ಮುಗಿಯುವುದನ್ನು ಕಾಣಲಾರರು. ತಾನು ಕಾಣದ ದಿನದವರೆಗೆ ಪರರ ಆಸ್ತಿಯನ್ನು ಕಟ್ಟಿಹಾಕಲು ಕೈ ಅಳುಕಬೇಕು.

ಟ್ರಸ್ಟಿನವರಿಗೆ ನಾನು ಬರೆದ ಪತ್ರದಲ್ಲಿ ಬೇಡವೆಂದು ಹೇಳಿಲ್ಲ. ಮಾಳಿಗೆ ಸೋರುತ್ತಿದೆ, ಮತ್ತೆರಡು ಮಳೆಗಾಲ ಅದು ತಡೆಯಲಾರದು. ದಾನ ಕೇಳಿ ಪುಣೆಗೆ ಹೋದವರು ಬರಿಗೈಯಲ್ಲಿ ಬಂದಿದ್ದಾರೆ. ಗೇಣಿ ಹತ್ತು ವರ್ಷವನ್ನು ಮೀರಬಾರದು. ಬಸದಿಯ, ತೀರ್ಥಂಕರರ, ಮುನಿಗಳ ಹೆಸರು ಜಾಹೀರಾತಿನಲ್ಲಿ ಬರಕೂಡದು. ಕಲ್ಲಿನ ಹಳೆಯ ಕಟ್ಟಡವೆಂದು ಇದ್ದುದನ್ನು ಇದ್ದಂತೆ ಹೇಳಿ ಮಾರಿಕೊಳ್ಳಲಿ. ಅಂಗಳವೂ ಬಾವಿಯೂ ಹಗಲಿಡೀ ಊರವರಿಗೆ ತೆರೆದಿರಬೇಕು, ಅವರು ಯಾವ ಜಾತಿ ಮತದವರೇ ಆಗಿರಲಿ. ಕೆಳಗಿನ ಸಾಲಿನ ನಾಲ್ಕು ಕೋಣೆಗಳನ್ನು ಬಾಡಿಗೆಯಿಂದ ಹೊರಗಿಟ್ಟು ಯಾತ್ರಿಕರಿಗೂ ವಿಹಾರದಲ್ಲಿರುವ ತ್ಯಾಗಿಗಳಿಗೂ ಮೀಸಲಿಡಬೇಕು. ಜೇವರ್ಗಿ ರಸ್ತೆಯಲ್ಲಾಗಲಿ ಕುಂಥಲಗಿರಿಯ ದಾರಿಯಲ್ಲಾಗಲಿ ಮುನಿಸಂಘ ವಿಹರಿಸುವಾಗ ಈಗ ನಾವು ಶಾಲೆಯ ಕೋಣೆಗಳ ಬೀಗದ ಕೈಗಾಗಿ ಹೆಡ್‌ಮಾಸ್ತರರ ಮನೆಗೆ ಅಲೆಯುತ್ತಿದ್ದೇವೆ.

ಹೂಡಿಕೆದಾರರು ಗೇಣಿಯ ಅವಧಿಯನ್ನು ಹದಿನೈದು ವರ್ಷಕ್ಕೆ ಇಳಿಸಲು ಒಪ್ಪಿರುವುದಾಗಿ ತಿಳಿಸಿದ್ದಾರೆ, ಹೆಸರಿನ ವಿಷಯದಲ್ಲಿಯೂ ತಕರಾರಿಲ್ಲವಂತೆ. ಅಂಗಳ ತೆರೆದಿಟ್ಟರೆ ಅತಿಥಿಗಳು ಬರಲಾರರೆಂಬುದು ಅವರ ಉತ್ತರ. ಕರಡು ಕರಾರು ನನ್ನ ಮೇಜಿನ ಮೇಲಿದೆ. ಅಡಿಗೆಮನೆಗೆ, ವಾಹನ ನಿಲುಗಡೆಗೆ, ಜನರೇಟರಿಗೆ ಪ್ರತ್ಯೇಕ ಕಲಮುಗಳಿವೆ, ಹೆಬ್ಬಾಗಿಲಿಗೆ ಇಲ್ಲ. ಅದೊಂದು ಕಲಮನ್ನು ಕನ್ನಡದಲ್ಲಿಯೇ ಬರೆದು ಸೇರಿಸಿ, ಮುಂದಿನ ಸಭೆಗೆ ಮುನ್ನ ಓದಿಕೊಂಡು ಬರುವಂತೆ ಟ್ರಸ್ಟಿಗಳೆಲ್ಲರಿಗೂ ಕಳುಹಿಸಿದ್ದೇನೆ.